ಮಗುವಿಗೆ ಮೊದಲ ಕೀಬೋರ್ಡ್: ಅಂಗಡಿಗೆ ಹೋಗುವಾಗ ಸ್ಕೇಲ್ ಒಯ್ಯಿರಿ

ಬಳ್ಳಾರಿಯಲ್ಲಿ ಮಗುವಿಗೆ ಕೀಬೋರ್ಡ್ ಕೊಳ್ಳಲು ಹೋದವರು ಮೊದಲು ಕೇಳುವ ಮಾತು ಸಾಮಾನ್ಯವಾಗಿ ಇದೇ: 'ಅಣ್ಣಾ, ಇದರಾಗ ಎಷ್ಟು ಟೋನ್ ಅದಾವ?' ಟೋನ್ ಅಂದರೆ ಬೇರೆ ಬೇರೆ ವಾದ್ಯಗಳ ದನಿ. ಅದು 100 ಇರಲಿ, 400 ಇರಲಿ, ಹೊಸದಾಗಿ ಕಲಿಯುವ ಮಗುವಿಗೆ ಬೇಕಾಗುವುದು ಪಿಯಾನೋ, ಹಾರ್ಮೋನಿಯಂ, ಹೆಚ್ಚೆಂದರೆ ಕೊಳಲು. ಬೆರಳು ದಿನವೂ ಮುಟ್ಟುವುದು ಕೀಗಳನ್ನು. ನಿಮ್ಮ ದುಡ್ಡು ಅಲ್ಲಿಗೇ ಹೋಗಬೇಕು.

ಮೊದಲು ಕಲಿಸುವವರನ್ನು ಕೇಳಿ. ನಮ್ಮ ಕಡೆ ಕೆಲವು ಮಕ್ಕಳು ಪೇಟಿ (ಹಾರ್ಮೋನಿಯಂ) ಮಾಸ್ತರರ ಹತ್ತಿರ ಸರಿಗಮದಿಂದ ಶುರು ಮಾಡುತ್ತಾರೆ. ಕೆಲವರು ಚರ್ಚ್‌ನಲ್ಲೋ ಆರ್ಕೆಸ್ಟ್ರಾದಲ್ಲೋ ನುಡಿಸುವವರಿಂದ ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ ಹಿಡಿಯುವುದನ್ನು ಕಲಿಯುತ್ತಾರೆ. ಗ್ರೇಡ್ ಪರೀಕ್ಷೆ ಕಟ್ಟಿಸುವವರೂ ಇದ್ದಾರೆ. ಪಾಠ ಯಾವುದು ಎಂದು ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಇನ್ನು ಸ್ಕೇಲಿನ ವಿಷಯ. ಮಗುವಿನ ಕಂಪಾಸ್ ಬಾಕ್ಸಿನ 15 ಸೆಂಟಿಮೀಟರ್ ಸ್ಕೇಲ್ ತೆಗೆದುಕೊಂಡು ಹೋಗಿ. ಅಕ್ಕಪಕ್ಕದ ಏಳು ಬಿಳಿ ಕೀಗಳ ಮೇಲೆ ಇಟ್ಟು ನೋಡಿ. ಪೂರ್ತಿ ಅಳತೆಯ ಕೀಬೋರ್ಡ್‌ನಲ್ಲಿ ಏಳು ಕೀ ಸೇರಿ ಸುಮಾರು 16.5 ಸೆಂಟಿಮೀಟರ್ ಆಗುತ್ತವೆ. ಅಂದರೆ ಕೀಗಳು ಸ್ಕೇಲನ್ನು ದಾಟಬೇಕು. ಸ್ಕೇಲಿನೊಳಗೇ ಮುಗಿದರೆ ಅದು ಮಿನಿ ಕೀ. 'ಮಗುವಿನ ಕೈ ಸಣ್ಣದು, ಸಣ್ಣ ಕೀ ಸಾಕು' ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ಕೈ ಬೆಳೆಯುತ್ತದೆ, ಕೀ ಬೆಳೆಯುವುದಿಲ್ಲ. ಸಣ್ಣ ಕೀಗೆ ಪಳಗಿದ ಬೆರಳು ದೊಡ್ಡ ಕೀಬೋರ್ಡ್ ಸಿಕ್ಕಾಗ ಮತ್ತೆ ಅಂದಾಜು ಕಲಿಯಬೇಕಾಗುತ್ತದೆ.

ಕೀಗಳ ಸಂಖ್ಯೆ 61 ಇರಲಿ. ಐದು ಸಪ್ತಕ ಸಿಗುತ್ತದೆ, ಎರಡೂ ಕೈಗೆ ಜಾಗ ಆಗುತ್ತದೆ. 88 ಕೀ ಈಗಲೇ ಬೇಡ.

ಆಮೇಲೆ ಟಚ್. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ದನಿ ಬರಬೇಕು. ಇದನ್ನು ಪಿಯಾನೋ ಟೋನ್ ಇಟ್ಟೇ ಪರೀಕ್ಷಿಸಿ. ಹಾರ್ಮೋನಿಯಂ, ಆರ್ಗನ್ ಟೋನ್‌ಗಳಲ್ಲಿ ವ್ಯತ್ಯಾಸ ಗೊತ್ತಾಗದೇ ಇರಬಹುದು. ನಿಜವಾದ ಪೇಟಿಯಲ್ಲೂ ದನಿಯ ಏರಿಳಿತ ಬರುವುದು ತಿದಿಯಿಂದ, ಬೆರಳಿನ ಒತ್ತಿನಿಂದ ಅಲ್ಲ. ಹಾಗಾಗಿ ಭಜನೆಗೆ, ಪೇಟಿ ಪಾಠಕ್ಕೆ ಮಾತ್ರ ಎಂದಾದರೆ ಟಚ್ ಇಲ್ಲದ್ದೂ ನಡೆಯುತ್ತದೆ. ಪಿಯಾನೋ ಕಡೆ ಹೋಗುವ ಮಗುವಿಗೆ ಇದು ಬೇಕೇ ಬೇಕು. ಕ್ಯಾಸಿಯೋ ಸಿಟಿ-ಎಸ್200, ಯಮಹಾ ಪಿಎಸ್‌ಆರ್-ಎಫ್52 ಎರಡರಲ್ಲೂ 61 ಕೀ ಇವೆ, ಟಚ್ ಇಲ್ಲ. ಕ್ಯಾಸಿಯೋ ಸಿಟಿ-ಎಸ್300, ಯಮಹಾ ಪಿಎಸ್‌ಆರ್-ಇ373ರಲ್ಲಿ ಟಚ್ ಇದೆ. ಬೆಲೆ ಕೆಲವು ಸಾವಿರ ಜಾಸ್ತಿ. ಆಗದಿದ್ದರೆ ಒಂದೆರಡು ತಿಂಗಳು ಕಾದು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ತಬಲಾ, ತಂಬೂರಿ ಇದೆ ಎಂದು ಮಾತ್ರ ಹೆಚ್ಚು ದುಡ್ಡು ಕೊಡಬೇಡಿ. ಫೋನಿನ ಆ್ಯಪ್‌ನಲ್ಲೇ ತಂಬೂರಿ ಶ್ರುತಿ ಸಿಗುತ್ತದೆ.

ಸೆಲ್ ಹಾಕುವ ಜಾಗ ಇದೆಯೇ ನೋಡಿ. ಕರೆಂಟ್ ಹೋದರೂ ಆರು ಪೆನ್ಸಿಲ್ ಸೆಲ್‌ನಲ್ಲಿ ಪಾಠ ನಡೆಯುತ್ತದೆ. ಹೆಡ್‌ಫೋನ್ ಜಾಕ್ ಕೂಡ ಇರಲಿ, ಮನೆಯಲ್ಲಿ ಓದುವ ಅಕ್ಕನೋ ಅಣ್ಣನೋ ಇದ್ದರೆ ಬೇಕಾಗುತ್ತದೆ.

ಆರ್ಕೆಸ್ಟ್ರಾದವರು, ನಾಟಕದವರು ಮಾರುವ ಹಳೆಯ ಕ್ಯಾಸಿಯೋ ಕಡಿಮೆ ಬೆಲೆಗೆ ಸಿಗಬಹುದು. ಕೊಳ್ಳಿ, ಆದರೆ ಅವಸರ ಬೇಡ. ಕರಿ-ಬಿಳಿ ಎಲ್ಲ ಕೀಗಳನ್ನೂ ಎಡತುದಿಯಿಂದ ಒಂದೊಂದಾಗಿ, ಒಂದೇ ಬಲದಲ್ಲಿ ಒತ್ತುತ್ತಾ ಹೋಗಿ. ಒಂದು ಕೀ ಮೂಕವಾಗಿದ್ದರೆ, ಇನ್ನೊಂದು ಸುಮ್ನೆ ಮುಟ್ಟಿದರೂ ಕಿರುಚಿದರೆ ಒಳಗಿನ ರಬ್ಬರ್ ಕಾಂಟ್ಯಾಕ್ಟ್ ಸವೆದಿರಬಹುದು, ಇಲ್ಲವೇ ದೂಳು ಸೇರಿರಬಹುದು. ರಿಪೇರಿಯವರನ್ನು ಕೇಳದೆ ದುಡ್ಡು ಕೊಡಬೇಡಿ.

ಹೊಸದಕ್ಕೂ ನಮ್ಮಲ್ಲಿ ದೂಳಿನ ಕಾಟ ತಪ್ಪಿದ್ದಲ್ಲ. ಸಂಡೂರು, ತೋರಣಗಲ್ಲು ಕಡೆಯವರಿಗೆ ಅದಿರಿನ ಕೆಂಪು ದೂಳು ಎಂಥದ್ದೆಂದು ಹೇಳಬೇಕೇ? ನುಡಿಸಿದ ಮೇಲೆ ದಪ್ಪ ಬಟ್ಟೆ ಹೊದಿಸಿ. ಒರೆಸಲು ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಸಾಕು, ಥಿನ್ನರ್ ಮುಟ್ಟಿಸಬೇಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ.

ಮನೆಗೆ ತರುವ ಮೊದಲು ಅಡಾಪ್ಟರ್ ಡಬ್ಬದಲ್ಲಿದೆಯೇ, ಬೇರೆ ಕೊಳ್ಳಬೇಕೇ ಕೇಳಿ. ಮೇಲೆ ಹೇಳಿದ ಕ್ಯಾಸಿಯೋಗಳಿಗೆ 9.5 ವೋಲ್ಟ್, ಯಮಹಾಗಳಿಗೆ 12 ವೋಲ್ಟ್. ಪಿನ್ ಕೂತಿತು ಎಂದು ಮನೆಯಲ್ಲಿದ್ದ ಯಾವುದೋ ಅಡಾಪ್ಟರ್ ಚುಚ್ಚಿದರೆ ಬೋರ್ಡ್ ಸುಡಬಹುದು. ಬಿಲ್‌ನಲ್ಲಿ ಮಾದರಿಯ ಹೆಸರು, ಸೀರಿಯಲ್ ನಂಬರ್ ಬರೆಸಿ, ವಾರಂಟಿ ಕಾರ್ಡಿಗೆ ಅಂಗಡಿಯ ಸೀಲ್ ಹಾಕಿಸಿಕೊಳ್ಳಿ.