ಬ್ಯಾಣದಲ್ಲಿ ಮೊಲದ ಮರಿ ಸಿಕ್ಕಿತಾ? ಎತ್ತಿಕೊಳ್ಳುವ ಮೊದಲು ಇಷ್ಟು ನೋಡಿ

ಶಿರಸಿ ಕಡೆ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕರಡ (ಒಣಹುಲ್ಲು) ಕೊಯ್ಯುವಾಗ ಇದು ಆಗಾಗ ಆಗುತ್ತದೆ. ಹುಲ್ಲಿನ ಬುಡದಲ್ಲಿ ಒಂದು ಮರಿ, ಹತ್ತಿರ ಹೋದರೂ ಅಲ್ಲಾಡುವುದಿಲ್ಲ, ತಾಯಿಯ ಸುಳಿವಿಲ್ಲ, 'ಪಾಪ' ಅಂತ ಟವೆಲ್‌ನಲ್ಲಿ ಸುತ್ತಿ ಮನೆಗೆ ತರುತ್ತಾರೆ. ನಾವೂ ತಂದಿದ್ದೆವು. ಸಾಕಿದ ಬಿಳಿ ಮೊಲಗಳ ಗೂಡಿಗೇ ಬಿಟ್ಟು, ದನದ ಹಾಲು ಕುಡಿಸಿದೆವು. ಮೂರನೇ ದಿನ ಸತ್ತಿತ್ತು.

ತಪ್ಪು ನಮ್ಮದೇ. ಎರಡಕ್ಕೂ ಮೊಲ ಅಂತಲೇ ಕರೆಯುತ್ತೇವೆ, ಆದರೆ ಕಾಡುಮೊಲ ಬೇರೆ, ಸಾಕುಮೊಲ ಬೇರೆ. ಸಾಕುಮೊಲದ ಮೂಲ ಯುರೋಪು. ಅದಕ್ಕೆ 44 ಕ್ರೋಮೋಸೋಮು, ಕಾಡುಮೊಲಕ್ಕೆ 48, ಎರಡೂ ಕೂಡಿ ಮರಿ ಹಾಕುವ ಮಾತೇ ಇಲ್ಲ.

ಮೊದಲು ಮರಿಯ ಕಣ್ಣು ನೋಡಿ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಸಾಕುಮೊಲದ್ದು ಬತ್ತಲೆ, ಕುರುಡು, ಕಣ್ಣು ಬಿಡಲು ಹತ್ತು ದಿನ ಬೇಕು. ಬೆಟ್ಟದಲ್ಲಿ ಗುಲಾಬಿ ಬಣ್ಣದ ಬತ್ತಲೆ ಮರಿ ಸಿಕ್ಕಿದರೆ ಅದು ಇಲಿಯದ್ದೂ ಇರಬಹುದು, ಸುಮ್ನೆ ಮುದ್ದು ಮಾಡಬೇಡಿ! ದೊಡ್ಡದಾದರೆ ಕತ್ತಿನ ಹಿಂಭಾಗ ನೋಡಿ: ನಮ್ಮ ಕಾಡುಮೊಲಕ್ಕೆ ಅಲ್ಲಿ ಕಪ್ಪು ಪಟ್ಟೆ ಇರುತ್ತದೆ, ಬಾಲದ ಮೇಲ್ಭಾಗವೂ ಕಪ್ಪು.

ಯೂಟ್ಯೂಬ್‌ನಲ್ಲಿ ಹುಡುಕಿದರೆ ಮೂರನೆಯದೊಂದು ಬರುತ್ತದೆ, ಕಾಟನ್‌ಟೇಲ್. ಬಾಲದ ಅಡಿ ಹತ್ತಿಯ ಉಂಡೆಯಂತೆ ಬೆಳ್ಳಗೆ, ಅದಕ್ಕೇ ಆ ಹೆಸರು. ಅದು ಅಮೆರಿಕದ ಪ್ರಾಣಿ. ತಾಯಿ ನೆಲದಲ್ಲಿ ಸಣ್ಣ ಗುಂಡಿ ಮಾಡಿ, ಹುಲ್ಲು ಮತ್ತು ತನ್ನದೇ ಕೂದಲು ಹಾಸಿ, ಅದರಲ್ಲಿ ಕಣ್ಣು ಬಿಡದ ಮರಿಗಳನ್ನು ಇಡುತ್ತದೆ. 'ಮರಿಯನ್ನು ಗೂಡಿಗೆ ವಾಪಸ್ ಇಡಿ' ಅಂತ ಆ ವಿಡಿಯೋದವರು ಹೇಳುವುದು ಈ ಗುಂಡಿಗೆ. ಇಲ್ಲಿ ಬೆಟ್ಟವೆಲ್ಲ ತಡಕಿದರೂ ಅಂಥ ಗೂಡು ಸಿಗುವುದಿಲ್ಲ, ಯಾಕೆಂದರೆ ಕಾಡುಮೊಲ ಗೂಡೇ ಕಟ್ಟುವುದಿಲ್ಲ. ಹುಲ್ಲು ಒತ್ತಿ ಮಾಡಿದ ತಗ್ಗೇ ಅದರ ಮನೆ.

ಹಾಗಾಗಿ ಮರಿ ಒಂಟಿಯಾಗಿದೆ ಅಂದರೆ ಅನಾಥ ಅಂತಲ್ಲ. ತಾಯಿ ಹಗಲೆಲ್ಲ ದೂರ ಇದ್ದು, ಕತ್ತಲಾದ ಮೇಲೆ ಬಂದು ಹಾಲು ಕುಡಿಸಿ ಹೋಗುತ್ತದೆ. ತಂದುಬಿಟ್ಟಿದ್ದರೆ ಅದೇ ದಿನ ಅದೇ ಜಾಗದಲ್ಲಿ ಬಿಟ್ಟು ಬನ್ನಿ. ಮನುಷ್ಯರ ವಾಸನೆಗೆ ತಾಯಿ ಬಿಟ್ಟುಹೋಗುತ್ತದೆ ಅನ್ನುವುದು ಸುಳ್ಳು. ಬಿಟ್ಟ ಮೇಲೆ ಮರೆಯಲ್ಲಿ ನಿಂತು ಕಾಯಬೇಡಿ, ನೀವು ಅಲ್ಲಿದ್ದರೆ ಅದು ಬರುವುದಿಲ್ಲ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ಫೋನ್ ಮಾಡಿ. ಕಾಡುಮೊಲ ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ, ಹಿಡಿದು ತಿನ್ನುವುದೂ ಅಷ್ಟೇ.

ಮರುದಿನ ಮರಿ ಅಲ್ಲಿಲ್ಲದಿದ್ದರೆ ಗಾಬರಿ ಬೇಡ, ಅವು ತಾವೇ ಜಾಗ ಬದಲಿಸುತ್ತವೆ. ಮನೆ ನಾಯಿಯನ್ನು ಮಾತ್ರ ಎರಡು ದಿನ ಕಟ್ಟಿಹಾಕಿ.