ಹೊಸ ರೌಟರ್ ರ‍್ಯಾಕಿಗೆ ಏರಿಸುವ ಮುನ್ನ ಅರ್ಥಿಂಗ್ ನೋಡಿ

ರೌಟರ್, ಸರ್ವರ್‌ಗಳನ್ನು ಕೂರಿಸುವ ಲೋಹದ ಬೀರು, ಅಂದರೆ ರ‍್ಯಾಕಿನ ಬಾಗಿಲು ಮುಟ್ಟಿದಾಗ ಬೆರಳ ತುದಿ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಹೊಸ ರೌಟರಿನ ಡಬ್ಬಿ ತೆರೆಯಲೇಬೇಡಿ. ಮೊದಲು ಅರ್ಥಿಂಗ್ ಸರಿ ಮಾಡಿಸಿ.

ಆ ಜುಮ್ಮೆನ್ನುವಿಕೆಗೆ ಕಾರಣವಿದೆ. ರೌಟರ್, ಸ್ವಿಚ್, ಸರ್ವರ್‌ಗಳ ಪವರ್ ಸಪ್ಲೈ ಒಳಗೆ ಚಿಕ್ಕ ಫಿಲ್ಟರ್ ಕೆಪಾಸಿಟರ್‌ಗಳಿರುತ್ತವೆ. ಅವು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಕವಚಕ್ಕೆ ಸೇರಿರುತ್ತವೆ. ಅರ್ಥ್ ವೈರ್ ಎಲ್ಲೋ ತುಂಡಾಗಿದ್ದರೆ ಕವಚ 230 ವೋಲ್ಟಿನ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಏರಿ ನಿಲ್ಲುತ್ತದೆ. ಒಂದೇ ಉಪಕರಣದ ಸೋರಿಕೆ ಅಲ್ಪ. ಒಂದೇ ರ‍್ಯಾಕಿನಲ್ಲಿ ಹತ್ತು ಉಪಕರಣಗಳಿದ್ದರೆ ಅಷ್ಟೂ ಸೇರುತ್ತದೆ. ಅಂಥ ರ‍್ಯಾಕಿನ ರೌಟರಿಗೆ ಲ್ಯಾಪ್‌ಟಾಪಿನ ಕನ್ಸೋಲ್ ಕೇಬಲ್ (ರೌಟರಿನ ಸೆಟ್ಟಿಂಗ್ ಮಾಡುವ ಕೇಬಲ್) ಸಿಕ್ಕಿಸಿದರೆ ಆ ಕರೆಂಟು ಕೇಬಲಿನ ಮೂಲಕವೇ ಹರಿದು ಪೋರ್ಟ್ ಸುಡಬಹುದು.

ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ನಮ್ಮ ಮೂರು ಪಿನ್ನಿನ ಸಾಕೆಟ್ಟಿಗೆ ಎದುರಾಗಿ ನಿಂತರೆ ಮೇಲಿನ ದೊಡ್ಡ ತೂತು ಅರ್ಥ್, ಬಲಗಡೆಯದು ಫೇಸ್, ಎಡಗಡೆಯದು ನ್ಯೂಟ್ರಲ್. ಫೇಸ್–ನ್ಯೂಟ್ರಲ್ ನಡುವೆ ಸುಮಾರು 230, ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿನೊಳಗೆ ಬರಬೇಕು. ಫೇಸ್–ಅರ್ಥ್ ಅಳತೆ 60, 90 ಎಂದು ತೇಲಾಡುತ್ತಿದ್ದರೆ ಅರ್ಥ್ ವೈರ್ ಎಲ್ಲೋ ಬಿಟ್ಟಿದೆ. ಲೋಡ್ ಇರುವಾಗಲೂ ನ್ಯೂಟ್ರಲ್–ಅರ್ಥ್ ಅಪ್ಪಟ ಸೊನ್ನೆ ತೋರಿಸಿದರೆ ಖುಷಿಪಡಬೇಡಿ. ಸಾಕೆಟ್ಟಿನ ಹಿಂದೆಯೇ ಯಾರೋ ನ್ಯೂಟ್ರಲ್ಲನ್ನೂ ಅರ್ಥನ್ನೂ ಸೇರಿಸಿ ತಿರುಚಿರಬಹುದು. ಮುಂದೆ ಎಂದಾದರೂ ನ್ಯೂಟ್ರಲ್ ಕಡಿದುಹೋದರೆ ರ‍್ಯಾಕಿನ ಕವಚಕ್ಕೆ ಪೂರ್ತಿ 230 ವೋಲ್ಟ್ ಬಂದು ಕೂರಬಹುದು. ಕರೆಂಟು ಇರುವಾಗ ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಈ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಅರ್ಥ್ ಪಿನ್ ಮುರಿದ ಪ್ಲಗ್, ಎರಡು ಪಿನ್ನಿನ ಅಡಾಪ್ಟರ್ ಎರಡನ್ನೂ ರ‍್ಯಾಕಿನ ಹತ್ತಿರ ಸುಳಿಯಗೊಡಬೇಡಿ.

ಸಾಕೆಟ್ಟಿನ ಅರ್ಥ್ ಸಾಲದು. ರೌಟರಿನ ಹಿಂಬದಿಯ ಅರ್ಥ್ ಸ್ಕ್ರೂಗೂ ಹಸಿರು–ಹಳದಿ ವೈರ್ ಬೇಕು. ದಪ್ಪ ಎಷ್ಟೆಂದು ಆ ಮಾದರಿಯ ಕೈಪಿಡಿ ಹೇಳುತ್ತದೆ. ಆ ವೈರಿನ ಇನ್ನೊಂದು ತುದಿಯನ್ನು ರ‍್ಯಾಕಿನ ಬಣ್ಣ ಬಳಿದ ಕಂಬಕ್ಕೆ ಹಾಗೇ ಸ್ಕ್ರೂ ಹಾಕಿದರೆ ಬಿಗಿಯಾಗಿರುತ್ತದೆ, ಸಂಪರ್ಕವಿರುವುದಿಲ್ಲ. ವೈರಿನ ತುದಿಯ ಲೋಹದ ಬಿಲ್ಲೆ (ಲಗ್) ಕೂರುವಷ್ಟು ಜಾಗದಲ್ಲಿ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ಜೋಡಿಸುವಾಗ ಈ ವೈರ್ ಮೊದಲು, ಬಿಚ್ಚುವಾಗ ಕೊನೆಗೆ.

ಜಾಗದ ಲೆಕ್ಕಕ್ಕೆ ಟೇಪ್ ಹಿಡಿಯಿರಿ. ರ‍್ಯಾಕಿನ ಅಗಲ 19 ಇಂಚು, ಒಂದು ಯೂ ಎಂದರೆ 44.45 ಮಿಲಿಮೀಟರ್ ಎತ್ತರ. ಎಲ್ಲರೂ ಮರೆಯುವುದು ಆಳ: ರೌಟರಿನ ಆಳದ ಜೊತೆಗೆ ಹಿಂದೆ ಪವರ್ ಕಾರ್ಡ್ ಬಾಗಲು, ಮುಂದೆ ಫೈಬರ್ ಬಾಗಲು ಜಾಗ ಬೇಕು. ಗಾಳಿ ಯಾವ ಕಡೆಯಿಂದ ಒಳಗೆ, ಯಾವ ಕಡೆಯಿಂದ ಹೊರಗೆ ಎಂದು ನೋಡಿ; ಪಕ್ಕದ ಉಪಕರಣ ಉಗುಳುವ ಬಿಸಿಗಾಳಿಯನ್ನು ನಿಮ್ಮ ರೌಟರ್ ಕುಡಿಯಬಾರದು. ಹಲವು ಮಾದರಿಗಳ ಮಿತಿ 40 ಡಿಗ್ರಿ ಸೆಲ್ಸಿಯಸ್. ಅದು ಕೋಣೆಯ ಉಷ್ಣತೆಯಲ್ಲ, ರೌಟರ್ ಒಳಗೆಳೆಯುವ ಗಾಳಿಯದು. ಬಾಗಿಲು ಮುಚ್ಚಿದ ರ‍್ಯಾಕಿನೊಳಗೆ ಒಂದು ಥರ್ಮಾಮೀಟರ್ ಇಟ್ಟು ಮಧ್ಯಾಹ್ನ ಮೂರಕ್ಕೆ ನೋಡಿದರೆ ನಿಜ ತಿಳಿಯುತ್ತದೆ. ಗೋಡೆಗೆ ಡ್ರಿಲ್ ಮಾಡುವುದಿದ್ದರೆ ಹಿಂದಿನ ದಿನವೇ ಮುಗಿಸಿ, ಗುಡಿಸಿ, ಒರೆಸಿ. ಇಟ್ಟಿಗೆ ಪುಡಿಯನ್ನು ಫ್ಯಾನು ನೇರ ಬೋರ್ಡಿನ ಮೇಲೆ ತಂದು ಹಾಕುತ್ತದೆ.

ಖಾಲಿ ರ‍್ಯಾಕಾದರೆ ಮೊದಲು ನೆಲಕ್ಕೆ ಬೋಲ್ಟ್ ಮಾಡಿ, ಭಾರದ್ದನ್ನು ಕೆಳಗಿನಿಂದ ತುಂಬುತ್ತಾ ಬನ್ನಿ. 18 ಕಿಲೋ ಮೀರಿದ ಪೆಟ್ಟಿಗೆಗೆ ಇಬ್ಬರು ಬೇಕು. ಪವರ್ ಸಪ್ಲೈ ಹಿಡಿಕೆ ಹಿಡಿದು ಎತ್ತಬೇಡಿ. ಅದು ಜಾರಿ ಕೈಗೆ ಬರುತ್ತದೆ, ಪೆಟ್ಟಿಗೆ ಕಾಲಿನ ಮೇಲೆ ಬೀಳುತ್ತದೆ. ಎರಡು ಪವರ್ ಸಪ್ಲೈ ಇದ್ದರೆ ಎರಡು ಬೇರೆ ಎಂಸಿಬಿಗಳಿಂದ ಲೈನ್ ಎಳೆಸಿ. ಎರಡನ್ನೂ ಒಂದೇ ಸ್ಪೈಕ್ ಗಾರ್ಡಿಗೆ ಸಿಕ್ಕಿಸಿದರೆ ಎರಡನೆಯದಕ್ಕೆ ಕೊಟ್ಟ ಹಣ ದಂಡ.

ಒಳಗೆ ಇಂಟರ್‌ಫೇಸ್ ಕಾರ್ಡ್ ಅಥವಾ ಮೆಮೊರಿ ಹಾಕುವುದಿದ್ದರೆ ಎರಡೂ ಪವರ್ ಕಾರ್ಡ್ ತೆಗೆದು, ಮೈಯ ಸ್ಥಿರ ವಿದ್ಯುತ್ತನ್ನು ಅರ್ಥಿಗೆ ಹರಿಸುವ ಮಣಿಕಟ್ಟಿನ ಪಟ್ಟಿ (ರಿಸ್ಟ್ ಸ್ಟ್ರಾಪ್) ಕಟ್ಟಿ, ಕ್ಲಿಪ್ಪನ್ನು ಅರ್ಥ್ ಆದ, ಬಣ್ಣವಿಲ್ಲದ ಲೋಹಕ್ಕೆ ಹಾಕಿ. ಸ್ಟ್ರಾಪಿನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ: ಅಕಸ್ಮಾತ್ ಕೈ 230 ವೋಲ್ಟಿಗೆ ತಾಗಿದರೂ ಸ್ಟ್ರಾಪಿನ ಮೂಲಕ ಕಾಲು ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಅದಕ್ಕೇ ಸ್ಟ್ರಾಪ್ ಬದಲು ಬರಿ ತಾಮ್ರದ ತಂತಿ ಕಟ್ಟಿಕೊಳ್ಳುವುದು ಅಪಾಯ. ಸ್ಟ್ರಾಪನ್ನು ಆಗಾಗ ಮೀಟರಿನಲ್ಲಿ ಪರೀಕ್ಷಿಸಿ, 1ರಿಂದ 10 ಮೆಗಾಓಮ್ ಒಳಗಿರಬೇಕು. ಉಂಗುರ, ಬಳೆ, ವಾಚು ತೆಗೆದಿಡಿ, ಕತ್ತಿನ ಸರ ಉಡುಪಿನೊಳಗೆ ಸೇರಿಸಿ. ಟೆಲಿಕಾಂ ಕೋಣೆಯ 48 ವೋಲ್ಟ್ ಬ್ಯಾಟರಿ ಶಾಕ್ ಕೊಡದೆ ಇರಬಹುದು, ಆದರೆ ಟರ್ಮಿನಲ್ಲಿಗೆ ಅಡ್ಡ ಬಂದ ಉಂಗುರವನ್ನು ಬೆರಳಿನಲ್ಲೇ ಕಾಯಿಸುತ್ತದೆ.

ಫೈಬರಿನ ತುದಿಗೆ ಕಣ್ಣಿಟ್ಟು ಬೆಳಕು ಬರುತ್ತಿದೆಯೇ ಎಂದು ನೋಡಬೇಡಿ. 1310, 1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ಫೈಬರಿನ ಬೆಳಕನ್ನು ಅಳೆಯುವ ಪವರ್ ಮೀಟರ್ ಬಳಸಿ. ಏಪ್ರಿಲ್–ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಹೊರಗಿನಿಂದ ಬರುವ ತಾಮ್ರದ ಕೇಬಲ್ ಬಿಟ್ಟು ದೂರ ಸರಿಯಿರಿ.

ಕಡೆಯದಾಗಿ ಎಂಸಿಬಿ ಬೋರ್ಡ್. ಯಾವ ಸ್ವಿಚ್ ಇಳಿಸಿದರೆ ಈ ರ‍್ಯಾಕ್ ಆರುತ್ತದೆ ಎಂದು ಇಳಿಸಿಯೇ ಖಚಿತಪಡಿಸಿಕೊಂಡು ಲೇಬಲ್ ಹಚ್ಚಿ. ಯುಪಿಎಸ್ ಇದ್ದರೆ ಬರಿ ಮೇನ್ಸ್ ಆರಿಸಿದರೆ ರ‍್ಯಾಕ್ ಆರುವುದಿಲ್ಲ, ಅದರ ಔಟ್‌ಪುಟ್ ಸ್ವಿಚ್ಚಿಗೂ ಒಂದು ಲೇಬಲ್ ಬೇಕು. ಜೊತೆಗಿರುವವರಿಗೆ ಎರಡನ್ನೂ ಬೆರಳಿಟ್ಟು ತೋರಿಸಿ, ಆಮೇಲೆ ಡಬ್ಬಿ ತೆರೆಯಿರಿ.