ಅಡ್ಡ ಕಚ್ಚು ಹೊಡಿಯೋ ಗೇಣುದ್ದದ ಗರಗಸ

ಕಪಾಟಿನ ಹಲಗಿ ಬರೇ ಮೊಳಿ ಮ್ಯಾಲ ನಿಂತಿದ್ರ ನನ್ನ ಕಣ್ಣಿಗೆ ಅದು ಬಡಿಗತನ ಅಲ್ಲ. ಬದಿ ಹಲಗಿಗೆ ಅಡ್ಡ ಕಚ್ಚು (ಹಲಗಿ ತುದಿ ಕೂರೋ ತೋಡು) ಹೊಡದು, ಅದರಾಗ ಕೂರಿಸಬೇಕು. ಕೊಪ್ಪಳದಾಗ ಈಗ ಈ ಕೆಲಸಕ್ಕ ಕಟ್ಟಿಗಿ ಕೊರಿಯೋ ರೂಟರ್ ಮಷೀನ್ ಬಂದೈತಿ. ನಾನು ಕಚ್ಚು ಹೊಡಿಯೋ ಗೇಣುದ್ದದ ಕೈಗರಗಸ ಬಿಟ್ಟಿಲ್ಲ. ಇಂಗ್ಲಿಷ್ ಬಡಿಗರು ಮೆಟ್ಟಿಲಿನ ಹಲಗಿ ಕೂರಿಸಾಕ ಇಂಥದ್ದನ್ನ ಬಳಸ್ತಿದ್ರು, ಅದಕ್ಕ ‘ಸ್ಟೇರ್ ಸಾ’ ಅಂತಾರ.

ಮನ್ಯಾಗ ಮಾಡ್ಕೋಬಹುದು. ಗೇಣುದ್ದ, ಒಂದೂಕಾಲು ಇಂಚು ದಪ್ಪದ ಜಾಲಿ ತುಂಡು ತಗೋರಿ. ನಮ್ಮ ಕಿನ್ನಾಳದ ಗೊಂಬಿ ಮಾಡೋ ಹಗುರ ಕಟ್ಟಿಗಿ ಇದಕ್ಕ ನಡಿಯೂದಿಲ್ಲ, ತಳ ಸವದು ಹೋಗತೈತಿ. ತಳದ ನಡುವ ಉದ್ದಕ್ಕ ಸೀಳು ಹಾಕಿ, ಮುರುದ ಗರಗಸದ ಆರು ಇಂಚಿನ ತುಂಡು ಅದರಾಗ ಇಳಸ್ರಿ. ಅದನ್ನ ಕಟ್ಟಿಗಿಗೆ ಬೋಲ್ಟಿಲೆ ಬಿಗೀಬೇಕು, ಆದ್ರ ಗರಗಸದ ಉಕ್ಕಿಗೆ ಸಾದಾ ಡ್ರಿಲ್ ಸರಳ ಹತ್ತೂದಿಲ್ಲ. ಹಲ್ಲಿನ ಕಡೆ ಹಸಿ ಬಟ್ಟಿ ಸುತ್ತಿ, ಮ್ಯಾಲಿನ ಅಂಚು ಕೆಂಪಗ ಕಾಸಿ ತಾನಾಗೇ ಆರಾಕ ಬಿಡ್ರಿ, ಮೆತ್ತಗಾಗತೈತಿ. ಉಕ್ಕಿನಾಗ ಕೊರಿಯೋ ಬೋಲ್ಟಿನ ತೂತು ದುಂಡಗಿರಬಾರದು, ಮ್ಯಾಲ-ಕೆಳಗ ಉದ್ದ ಇರಬೇಕು. ಹಲ್ಲು ಎಷ್ಟು ಹೊರಗ ಬಿಡ್ತೀರೋ ಅಷ್ಟ ಆಳ. 18 ಎಂಎಂ ಹಲಗಿಗೆ 6 ಎಂಎಂ ಸಾಕು.

ಬದಿ ಹಲಗಿ ಮ್ಯಾಲ ಗುಣ್ಯಾ (ಮೂಲಿಮಟ್ಟ) ಇಟ್ಟು ಕಚ್ಚಿನ ಮೊದಲನೇ ಗೆರಿ ಚಾಕುವಿಂದ ಎಳೀರಿ, ಪೆನ್ಸಿಲ್ ಬ್ಯಾಡ. ಎರಡನೇ ಗೆರಿಗೆ ಟೇಪ್ ಮುಟ್ಟಬ್ಯಾಡ್ರಿ. ಒಮ್ಮೆ ನಾನು ಟೇಪ್ ನಂಬಿ 18 ಎಂಎಂ ಅಂತ ಕೊಯ್ದೆ. ರಂದಾ ಹೊಡದ ಹಲಗಿ 17 ಇತ್ತು, ಹನ್ನೆರಡು ಕಚ್ಚು ಲೊಡಲೊಡ. ಕೂರಿಸೋ ಹಲಗಿನ್ನ ಗೆರಿಗೆ ಹಚ್ಚಿ ನಿಲ್ಲಿಸಿ, ಅದರ ಇನ್ನೊಂದು ಮಗ್ಗಲಿಗೇ ಚಾಕು ಎಳೀರಿ.

ಗೆರಿ ಒಳಗಿಂದ ಉಳಿಲೆ ಸಣ್ಣ ಇಳಿಜಾರು ಕೆತ್ತಿದ್ರ ಹಲ್ಲು ಜಾರೂದಿಲ್ಲ. ಹಲ್ಲು ಅಲ್ಲಿ ಇಟ್ಟು, ಜಾಲಿ ತುಂಡಿನ ಮಗ್ಗಲಿಗೆ ನೆಟ್ಟನ ಪಟ್ಟಿ ಒತ್ತಿ ಕ್ಲಾಂಪ್ ಹಾಕ್ರಿ. ಆಚೆ ತುದಿಯಿಂದ ಸುರು ಮಾಡ್ರಿ: ನಾಕು ಬೆರಳಿನಷ್ಟು ಕೊಯ್ದು, ಹಿಂದಕ್ಕ ಸರಕೊಂತ ಬರ್ರಿ. ತಳ ಹಲಗಿಗೆ ಪೂರಾ ಕೂತು ಗರಗಸದ ಸದ್ದು ನಿಂತರ ಆಳ ಮುಗೀತು. ಎರಡೂ ಗೆರಿ ಕೊಯ್ದ ಮ್ಯಾಲ ನಡುವಿನ ಕಟ್ಟಿಗಿ ಉಳಿಲೆ ತಗೀರಿ, ಎರಡೂ ಅಂಚಿನಿಂದ ನಡುವಕ್ಕ. ಒಂದ ಕಡೆಯಿಂದ ಹೊಡದ್ರ ಆಚೆ ಅಂಚು ಸಿಡೀತೈತಿ.

ಹಲಗಿ ಕೊಡತಿಯ ಎರಡು ಮೆತ್ತನ ಪೆಟ್ಟಿಗೆ ಇಳೀಬೇಕು. ಬಿಗಿ ಆತಂದ್ರ ಕಚ್ಚು ಕೆರೀಬ್ಯಾಡ್ರಿ, ಹಲಗಿಗೇ ಒಂದೆಳಿ ರಂದಾ ಹೊಡೀರಿ.